ಕೊನೆಯ ತೂಬಿನವರು ಮೊದಲು

ಮೊನ್ನೆ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ಆಟದ ಪುಸ್ತಕ ತಯಾರಿಸುವ ಕಡೆ ಕೆಲಸ ಸಿಕ್ಕಿದೆಯಂತೆ. ನಿಯಮಗಳನ್ನು ತಿದ್ದುವ ಕೆಲಸ, ನಾನು ಮಾಡುತ್ತಿದ್ದದ್ದೇ. "ಆಪಾ, ಏನು ಕಲತು ಹೋಗಬೇಕ್ರಿ?" ಎಂದು ಕೇಳಿದಳು. ಸಿಟ್ಟು ನುಂಗುವುದನ್ನು ಕಲಿ ಎಂದೆ. ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ. ಇಷ್ಟು ವರ್ಷ ದುಡಿದೂ ನನಗೆ ಅದೊಂದು ಬರಲಿಲ್ಲ. ಉಳಿದದ್ದು ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹೆಸರು ಶಂಷಾದ್. ಸಿಂಧನೂರಿನ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ಡಿಟಿಪಿ ಮಾಡಲು ಸೇರಿದವಳು. ಲಗ್ನಪತ್ರ, ಉರುಸಿನ ಪೋಸ್ಟರು, ಗೊಬ್ಬರದಂಗಡಿಯ ಬಿಲ್ ಬುಕ್ಕು, ಇವೇ ನಮ್ಮ ಅನ್ನ. ಮಾಲೀಕರು ಶರಣಪ್ಪ, ವಳಕಮದಿನ್ನಿಯವರು. ನಾವೆಲ್ಲ ಅವರನ್ನು ಅಣ್ಣಾರು ಎನ್ನುತ್ತಿದ್ದೆವು. ಕೈ ದೊಡ್ಡದು, ಬಾಯಿ ಇನ್ನೂ ದೊಡ್ಡದು. ಯಾರನ್ನಾದರೂ ಬೈದರೆ ಆಮೇಲೆ ಎಲ್ಲರಿಗೂ ಚಹಾ ತರಿಸುತ್ತಿದ್ದರು. ಚಹಾ ಬಂದ ಸದ್ದಾದರೆ ಬೈಂಡಿಂಗ್ ಯಂಕೋಬ ಒಳಗಿನಿಂದಲೇ ಕೇಳುತ್ತಿದ್ದ: "ಆಪಾ, ಇವತ್ತ ಯಾರ ಪಾಳಿ?"

ಲಗ್ನಪತ್ರಗಳು ಮೊಬೈಲಿಗೆ ಹೋದವು. ನಮ್ಮ ಮಷಿನ್ನು ವಾರದಲ್ಲಿ ಅರ್ಧ ದಿನ ಸುಮ್ಮನೆ ನಿಲ್ಲುವ ಕಾಲ ಬಂತು. ಅದೇ ಹೊತ್ತಿಗೆ ಅಣ್ಣಾರು ಕಾಗದ ತರಲು ಹೈದರಾಬಾದಿಗೆ ಹೋದವರು ಅಲ್ಲಿ ಒಂದು ಅಂಗಡಿಯಲ್ಲಿ ಮೇಜಿನ ಸುತ್ತ ಕುಳಿತು ಪಾತ್ರದಾಟ ಆಡುವವರನ್ನು ನೋಡಿಬಂದರು. ಒಬ್ಬ ಕಥೆ ಹೇಳುತ್ತಾನೆ. ಉಳಿದವರು ಒಂದೊಂದು ಪಾತ್ರ ಹಿಡಿದು, ನಾನು ಹೀಗೆ ಮಾಡುತ್ತೇನೆ, ಹೀಗೆ ಅನ್ನುತ್ತೇನೆ ಎನ್ನುತ್ತಾರೆ. ಆದದ್ದೋ ಕೆಟ್ಟದ್ದೋ ಎಂಬುದನ್ನು ದಾಳ ಹೇಳುತ್ತದೆ.

"ಶಂಷಾದಬೀ, ದೊಡ್ಡ ದೊಡ್ಡ ಮಂದಿ ಕುಂತು ಸುಳ್ಳಸುಳ್ಳೇ ಜಗಳಾಡಾಕತ್ತಿದ್ರು," ಎಂದರು. "ನಮ್ಮ ಮಂದಿ ಖರೇನ ಜಗಳಾಡತಾರ. ಇದ್ರಾಗ ನಮ್ಮದೂ ಒಂದು ಆಟ ಆಗತೈತಿ ನೋಡು."

ಆಟ ಆಯಿತು. ಹೆಸರು 'ಪಾಳಿ', ಅಂದರೆ ಕಾಲುವೆ ನೀರಿನ ಸರದಿ. ರಾಕ್ಷಸ, ಕತ್ತಿ, ಮಂತ್ರ ಏನೂ ಇಲ್ಲ. ಒಂದು ಉಪಕಾಲುವೆ, ಅದರ ಮೇಲೆ ತೂಬುಗಳು, ಒಂದೊಂದು ತೂಬಿಗೆ ಒಬ್ಬ ರೈತ. ಕಥೆ ನಡೆಸುವವನು ಗ್ಯಾಂಗ್‌ಮನ್, ಅಂದರೆ ಕಾಲುವೆಯ ಗೇಟು ಕಾಯುವವನು. ನೀರು ಎಷ್ಟು ಬಂತು, ಎಲ್ಲಿ ಒಡೆಯಿತು ಎಂದು ಅವನು ಹೇಳುತ್ತಾನೆ. ಆಟಗಾರರು ಮಾತಾಡಿ, ಜಗಳಾಡಿ, ಮನವೊಲಿಸಿ ನೀರು ಹಂಚಿಕೊಳ್ಳಬೇಕು. ನಾನು ಆ ನಿಯಮಗಳನ್ನು ಬರೆದು, ತಿದ್ದಿ, ಪುಟಕ್ಕೆ ಕೂರಿಸುವವಳಾದೆ. ಹೀಗೆ ಲಗ್ನಪತ್ರದವಳು ಆಟದವಳಾದೆ. ಮನೆಯಲ್ಲಿ ಅಮ್ಮಿಗೆ ಇದನ್ನು ಹೇಳಿದಾಗ, "ಉಸ್ಕೂ ಪಗಾರ್ ದೇತೇ ಕ್ಯಾ?" ಎಂದು, ಅದಕ್ಕೂ ಸಂಬಳ ಕೊಡುತ್ತಾರೆಯೇ ಎಂಬಂತೆ, ಕೇಳಿದ್ದಳು.

ಅಣ್ಣಾರು ಮಾಡಿದ ಇನ್ನೊಂದು ಕೆಲಸ ನನಗೆ ಶುದ್ಧ ಹುಚ್ಚುತನವೆನಿಸಿತ್ತು. ಪುಸ್ತಕ ಅಚ್ಚು ಮಾಡಿ ಮಾರುವ ಜೊತೆಗೇ ಅದರ ಫೈಲನ್ನು ಜಾಲತಾಣದಲ್ಲಿ ಪುಕ್ಕಟೆ ಹಾಕಿಸಿದರು. ಯಾರು ಬೇಕಾದರೂ ತೆಗೆದುಕೊಳ್ಳಿ, ಬದಲಿಸಿ, ಅಚ್ಚು ಹಾಕಿ, ಮಾರಿರಿ. ಎರಡೇ ಕರಾರು: ಮೊದಲು ಮಾಡಿದವರ ಹೆಸರು ಹಾಕಬೇಕು, ನೀವು ಬದಲಿಸಿದ್ದನ್ನೂ ಹೀಗೆಯೇ ಬಿಟ್ಟುಕೊಡಬೇಕು. ಒಮ್ಮೆ ಕೊಟ್ಟದ್ದನ್ನು ನಾವು ಹಿಂದಕ್ಕೆ ಕೇಳುವಂತಿಲ್ಲ ಎಂದೂ ಅದರಲ್ಲಿತ್ತು. ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರಲ್ಲಿ ಈ ಪದ್ಧತಿ ಹಳೆಯದು. ಹೊರದೇಶದ ಆಟದ ಕಂಪನಿಗಳೂ ಅವರನ್ನು ನೋಡಿ ತಮ್ಮ ನಿಯಮಗಳನ್ನು ಹೀಗೆ ಬಿಟ್ಟಿದ್ದವು. ಅದರಿಂದ ಸಣ್ಣ ಸಣ್ಣವರು ಎಷ್ಟೋ ಜನ ಅದೇ ನಿಯಮದ ಮೇಲೆ ಹೊಸ ಕಥೆ ಕಟ್ಟಿ ಹೊಟ್ಟೆ ಹೊರೆದುಕೊಳ್ಳುತ್ತಿದ್ದರು.

"ಊಟಾ ಪುಕ್ಕಟೆ ಹಾಕಿ ಖಾನಾವಳಿ ನಡಸ್ತೀರೇನ್ರಿ?" ಎಂದೆ.

"ನೀ ಟೈಪ್ ಮಾಡೋ ಕನ್ನಡ ಅಕ್ಷರ ಯಾರದು? ಯಾರೋ ಪುಣ್ಯಾತ್ಮರು ಮಾಡಿ ಬಿಟ್ಟುಕೊಟ್ಟಾರ. ದಿನಾ ಅದನ್ನ ಒತ್ತಿ ಪಗಾರ ತಗೋತಿ. ಒಂದರ ದಿನ ಕೇಳಿಯೇನು, ಅವ್ರು ಊಟಾ ಹೆಂಗ ಮಾಡತಾರ ಅಂತ?"

ಚಹಾ ಬಂತು.

ಈಗ ನಮ್ಮ ದೊಡ್ಡ ಎಡವಟ್ಟಿನ ಕಥೆ. ಹೊಸಬರು ಇದನ್ನು ಗಮನವಿಟ್ಟು ಓದಿರಿ. ಪುಸ್ತಕ ಹೊರಬಂದು ಕೆಲವು ತಿಂಗಳಾಗಿತ್ತು. ಧಾರವಾಡದ ಕಾಲೇಜು ಹುಡುಗರ ಗುಂಪೊಂದು ಬರೆಯಿತು, ನಿಮ್ಮ ಆಟ ನಡೆಯುವುದಿಲ್ಲ ಎಂದು. ಮೊದಲ ತೂಬಿನವನು ಇದ್ದ ನೀರೆಲ್ಲ ಕೇಳಿ ತೆಗೆದುಕೊಳ್ಳುತ್ತಾನೆ, ಉಳಿದವರು ಆಕಳಿಸುತ್ತ ಕೂರುತ್ತಾರೆ. ಆಮೇಲೆ ಬೆಳಗಾವಿಯಿಂದಲೂ ಅದೇ ತಕರಾರು. "ಅವ್ರಿಗೆ ಆಡಾಕ ಬರಂಗಿಲ್ಲ" ಎಂದು ಅಣ್ಣಾರು ಕೈ ಝಾಡಿಸಿದರು. ನಾವು ಬೈಂಡಿಂಗ್ ಮೇಜಿನ ಮೇಲೆ ಆಡಿದಾಗಲೆಲ್ಲ ಆಟ ಬರಾಬರಿ ನಡೆದಿತ್ತು. ದಾಳದ ಲೆಕ್ಕ ತಪ್ಪಿರಬೇಕೆಂದು ಬದಲಿಸಿದೆವು. ನೀರಿನ ಪ್ರಮಾಣ ಬದಲಿಸಿದೆವು. ಮತ್ತಷ್ಟು ಕೆಟ್ಟಿತು. ನನಗೆ ತಲೆ ಚಿಟ್ಟು ಹಿಡಿದುಹೋಯಿತು.

ತಪ್ಪು ಹಿಡಿದವಳು ಮಸ್ಕಿಯ ಗೌತಮಿ. ಬ್ಯಾಂಕಿನಲ್ಲಿ ನೌಕರಿ, ಭಾನುವಾರ ಮನೆಯಲ್ಲಿ ನಾಲ್ಕು ಜನ ಸೇರಿಸಿ ನಮ್ಮ ಆಟ ಆಡಿಸುವ ಹವ್ಯಾಸ. ಅವಳಿಗೂ ಆಟ ನಡೆಯುತ್ತಿರಲಿಲ್ಲ. ಒಂದು ಭಾನುವಾರ ಕಾಲುವೆ ಸೀಮೆಯ ಸಾಲಗುಂದದಿಂದ ಬಂದ ಪರಿಚಯದವರೊಬ್ಬರು ಮೇಜಿಗೆ ಕೂತರಂತೆ. ಮೊದಲ ತೂಬಿನವನು ಬಾಯಿ ತೆರೆದ ಕೂಡಲೇ ಅವರು, "ನೀ ತಡಿಯಪ್ಪ, ಕೆಳಗಿನವ ಮೊದ್ಲು ಹೇಳ್ಲಿ" ಎಂದರು. ಅಷ್ಟೇ, ಆಟ ಸರಿಹೋಯಿತು.

ಅಣ್ಣಾರ ತಂದೆಯ ಹೊಲವಿದ್ದ ಉಪಕಾಲುವೆಯಲ್ಲಿ ಅದೇ ರೂಢಿ. ಪಾಳಿ ಮಾತಾಡಲು ಸೇರಿದಾಗ ಕಟ್ಟಕಡೆಯ ತೂಬಿನವನು ಮೊದಲು ಹೇಳಬೇಕು. ಮೇಲಿನವನಿಗೆ ಯಾವಾಗಲೂ ನೀರು ಕಾಣುತ್ತದೆ, ಅವನ ಮಾತು ಕೇಳಿದರೆ ಕಾಲುವೆಗೆ ಏನೂ ಆಗಿಲ್ಲ ಎನಿಸುತ್ತದೆ. ಮುಕ್ಕುಂದ ಊರಿನ ನಮ್ಮ ಯಂಕೋಬನಿಗೆ, ಅಣ್ಣಾರಿಗೆ, ನನಗೆ ಅದು ಗೊತ್ತೇ ಇತ್ತು. ಗೊತ್ತಿದ್ದರಿಂದಲೇ ಯಾರೂ ಬರೆಯಲಿಲ್ಲ. ಇಡೀ ಪುಸ್ತಕ ಮೂರು ಸಲ ಪ್ರೂಫ್ ನೋಡಿದ ನನಗೂ ಅದಿಲ್ಲವೆಂದು ಹೊಳೆಯಲಿಲ್ಲ.

ಗೌತಮಿ ಫೋನ್ ಮಾಡಿದಳು. "ಆಪಾ, ತಪ್ಪು ತಿಳ್ಕೋಬ್ಯಾಡ್ರಿ. ನಮ್ಮ ಹೊಲಕ್ಕ ಕಾಲುವಿನೇ ಇಲ್ಲ. ಅದಕ್ಕ ನಮಗ ಕಾಣಿಸ್ತು. ಒಂದು ವಾಕ್ಯ ಬರದು ಕಳಿಸೀನಿ, ಸೇರಸ್ತೀರೇನು?"

ಅವಳು ಬರೆದದ್ದು ಇದು: 'ಪ್ರತಿ ಸುತ್ತಿನಲ್ಲಿ ಕೊನೆಯ ತೂಬಿನವರು ಮೊದಲು ಮಾತಾಡಬೇಕು; ಅವರ ಮಾತು ಮುಗಿಯುವವರೆಗೆ ಮೇಲಿನವರು ಬಾಯಿ ತೆರೆಯಬಾರದು, ಅವರ ಪರವಾಗಿ ಕೂಡ.'

ಎರಡನೆಯ ಮುದ್ರಣದಲ್ಲಿ ಆ ವಾಕ್ಯ, ಅವಳ ಹೆಸರು ಎರಡೂ ಬಂದವು. ನಿಮ್ಮ ಮೇಜಿನವರಿಗೆ ಹೇಳುವುದೇ ಬೇಡ ಎನಿಸಿದ್ದನ್ನೇ ಮೊದಲು ಬರೆಯಿರಿ ಎಂದು ಆಮೇಲೆ ಬಂದವರಿಗೆಲ್ಲ ನಾನು ಹೇಳುತ್ತ ಬಂದೆ.

ಅಲ್ಲಿಂದ ಕೆಲಸದ ರೀತಿಯೇ ಬದಲಾಯಿತು. ಮೊದಲು ನಾನು ಬರೆದದ್ದು ಅಚ್ಚಾದರೆ ಮುಗಿಯಿತು ಎಂದಿತ್ತು. ಈಗ ಅಚ್ಚಾದ ಮೇಲೆ ಶುರು. ದಿನ ಬೆಳಗಾದರೆ ಯಾರೋ ಒಬ್ಬರ ತಿದ್ದುಪಡಿ, ಯಾರೋ ಒಬ್ಬರ ದನಿಸಂದೇಶ. ಅದರಲ್ಲಿ ಹತ್ತಕ್ಕೆ ಎಂಟು ಕೆಲಸಕ್ಕೆ ಬಾರದವು, ಆದರೂ ಪೂರ್ತಿ ಕೇಳಬೇಕು. ಲಿಂಗಸುಗೂರಿನ ಒಬ್ಬರು ನಮ್ಮ ಆಟವನ್ನು ಚಿನ್ನದ ಗಣಿಗೆ ಒಗ್ಗಿಸಿ, ತೂಬಿನ ಬದಲು ಸುರಂಗ, ನೀರಿನ ಬದಲು ಗಾಳಿ ಎಂದು ಮಾಡಿ, ಮುಖಪುಟಕ್ಕೆ ತಮ್ಮ ಹೆಸರೊಂದನ್ನೇ ಹಾಕಿ ಮಾರಿಬಿಟ್ಟರು. ಅಣ್ಣಾರು ಫೋನು ಹಚ್ಚಿ ಏಳು ತಲೆಮಾರನ್ನು ಎಳೆತಂದು ಬೈದರು. ಆ ಕಡೆಯವರು ಎಲ್ಲ ಕೇಳಿಸಿಕೊಂಡು, "ಆತ್ರಿ, ಹೆಸ್ರು ಹಾಕ್ತೀವಿ. ಆಟ ಹೆಂಗೈತಿ ಹೇಳ್ರಿ" ಎಂದರಂತೆ. ಆಡಿ ನೋಡಿದೆವು. ನಮ್ಮದಕ್ಕಿಂತ ಚೆನ್ನಾಗಿತ್ತು. ಅಣ್ಣಾರ ಮುಖ ನೋಡಬೇಕಿತ್ತು ಆವತ್ತು.

ಈ ನಡುವೆ ಗೌತಮಿಯ ತಮ್ಮ ಆನಂದನಿಗೆ ಕಣ್ಣು ಹೋದವು. ಗೂಡ್ಸ್ ಆಟೋ ಓಡಿಸುತ್ತಿದ್ದ ಹುಡುಗ. ಕಣ್ಣಿನೊಳಗೆ ಒತ್ತಡ ಏರಿ, ಗೊತ್ತಾಗುವ ಹೊತ್ತಿಗೆ ಒಂದು ಕಣ್ಣು ಹೋಗಿತ್ತು, ಇನ್ನೊಂದನ್ನು ಉಳಿಸಿಕೊಳ್ಳಲು ಆಗಲಿಲ್ಲ. ಅಕ್ಕ ಆಟವನ್ನೇ ಅವನಿಗಾಗಿ ತಿರುವಿಹಾಕಿದಳು. ಕಾಲುವೆಯ ನಕಾಶೆಯ ಬದಲು ಮೇಜಿನ ಉದ್ದಕ್ಕೂ ಒಂದು ಹಗ್ಗ, ತೂಬಿಗೊಂದು ಗಂಟು. ದಾಳದ ಬದಲು ಕವಡಿ. ತಾಟಿನಲ್ಲಿ ಚೆಲ್ಲಿ ಬೆರಳಾಡಿಸಿದರೆ ಯಾವುದು ಮೇಲ್ಮುಖ, ಯಾವುದು ಬೋರಲು ಎಂದು ತಿಳಿಯುತ್ತದೆ. ಯಾರೇ ಮಾತಾಡಲಿ, ಮೊದಲು ತಮ್ಮ ಹೆಸರು ಹೇಳಬೇಕು. ನಮ್ಮನ್ನು ಕೇಳದೆ, ಯಾರ ಅಪ್ಪಣೆಗೂ ಕಾಯದೆ ಅವಳು ಇದನ್ನೆಲ್ಲ ಮಾಡಿ ಜಾಲದಲ್ಲಿ ಹಾಕಿದಳು. ಆನಂದನ ಜೊತೆ ಕಣ್ಣು ಕಾಣದ ಇನ್ನಿಬ್ಬರು ಭಾನುವಾರದ ಮೇಜಿಗೆ ಬರತೊಡಗಿದರು.

ಇಷ್ಟಾದರೂ ಪ್ರೆಸ್ಸಿನ ಕಷ್ಟ ತೀರಿರಲಿಲ್ಲ. ಅಂಥ ಹೊತ್ತಿನಲ್ಲಿ ದೊಡ್ಡ ಊರಿನ ಒಬ್ಬ ಪ್ರಕಾಶಕರು 'ಪಾಳಿ'ಯನ್ನು ಪೂರ್ತಿ ಕೊಳ್ಳುತ್ತೇವೆ ಎಂದು ಬಂದರು. ಹಲವು ಭಾಷೆಗಳಲ್ಲಿ ತರುತ್ತಾರಂತೆ, ಅಚ್ಚಿನ ಕೆಲಸ ನಮಗೇ ಕೊಡುತ್ತಾರಂತೆ. ಯಂಕೋಬ ಆಗಲೇ ಮನೆಗೆ ಫೋನ್ ಮಾಡಿಬಿಟ್ಟಿದ್ದ. ಆದರೆ ಷರತ್ತುಗಳಿದ್ದವು. ಪುಕ್ಕಟೆ ಫೈಲು ತೆಗೆಯಬೇಕು. ಗೌತಮಿಯ ವಾಕ್ಯದ ಮೇಲಿನ ಹಕ್ಕು ಅವಳದಾದ್ದರಿಂದ ಅದನ್ನು ಬೇರೆ ಮಾತಿನಲ್ಲಿ ಬರೆಯಬೇಕು. ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವ ಹಕ್ಕು ನಮಗೆ ಇಲ್ಲವಾದ್ದರಿಂದ, ಮಸ್ಕಿಯವರು ತಾವಾಗಿಯೇ ತಮ್ಮ ಆಟ ನಿಲ್ಲಿಸುತ್ತೇವೆಂದು ಸಹಿ ಹಾಕಿಕೊಡಬೇಕು.

"ಗೌತಮಿ ನನ್ನ ಮಾತು ಮೀರಂಗಿಲ್ಲ," ಎಂದರು ಅಣ್ಣಾರು. ಅದು ಖರೆ. ಬ್ಯಾಂಕಿನಲ್ಲಿ ಎಂಥೆಂಥ ಸಾಹೇಬರಿಗೆ ಎದುರು ನಿಲ್ಲುವ ಹೆಣ್ಣುಮಗಳು, ತನ್ನ ಹೆಸರು ಪುಸ್ತಕದಲ್ಲಿ ಹಾಕಿದ ಇವರ ಎದುರು ಮಾತ್ರ ಇಲ್ಲ ಎನ್ನಲಾರಳು.

ವಾಕ್ಯ ಬದಲಿಸುವ ಕೆಲಸ ನನ್ನ ಪಾಲಿಗೆ ಬಂತು. ಈ ಧಂದೆಯ ಒಂದು ಸಂಗತಿ ನಿಮಗೆ ಗೊತ್ತಿರಬೇಕು: ಆಟದ ನಿಯಮಕ್ಕೆ ಯಾರೂ ಮಾಲೀಕರಲ್ಲ, ಅದನ್ನು ಹೇಳಿದ ಮಾತಿಗೆ ಮಾತ್ರ ಮಾಲೀಕರುಂಟು. ಬೇರೆ ಮಾತಿನಲ್ಲಿ ಬರೆದರೆ ಕಾಯ್ದೆ ಪ್ರಕಾರ ತಪ್ಪಿಲ್ಲ. ಬರೆಯತೊಡಗಿದೆ. ಮೊದಲ ಭಾಗ ಸುಲಭವಾಗಿ ಬಂತು. 'ಅವರ ಪರವಾಗಿ ಕೂಡ' ಎಂಬಲ್ಲಿಗೆ ಬಂದು ಕೈ ನಿಂತಿತು. ಹೇಗೆ ತಿರುಗಿಸಿ ಬರೆದರೂ ಅದು ಅವಳದೇ ಮಾತಾಗಿ ಕಾಣುತ್ತಿತ್ತು. ಅಣ್ಣಾರಿಗೆ ಆಗಿಲ್ಲ ಎಂದೆ. "ಒಂದ್ ವಾಕ್ಯ ಬರ್ಯಾಕ ಎಷ್ಟು ದಿನಬೇ?" ಎಂದು ಬೈದರು. ಚಹಾ ತರಿಸಲಿಲ್ಲ. ಅದು ಅವರ ಮನಸ್ಸೂ ಸರಿಯಿಲ್ಲ ಎಂಬುದರ ಗುರುತು.

ಭಾನುವಾರ ಇಬ್ಬರೂ ಮಸ್ಕಿ ಬಸ್ಸು ಹತ್ತಿದೆವು. ಕಾಗದ ನನ್ನ ಚೀಲದಲ್ಲಿತ್ತು. ದಾರಿಯಲ್ಲಿ ಅವರು ಗದ್ದೆಗಳನ್ನೇ ನೋಡುತ್ತ ಕೂತರು.

ಗೌತಮಿಯ ಮನೆ ಬೆಟ್ಟದ ಕಡೆಗೆ. ನಾವು ಹೋದಾಗ ಹಗ್ಗ ಹಾಸಿ ಆಟಕ್ಕೆ ಕೂತಿದ್ದರು. ವಿಷಯ ಅವಳಿಗೆ ಫೋನಿನಲ್ಲೇ ಗೊತ್ತಾಗಿತ್ತು. ಅಣ್ಣಾರು ಚಪ್ಪಲಿ ಬಿಡುತ್ತಲೇ, "ಗೌತಮಿ, ಒಂದು ಮಾತು ಇತ್ತವಾ" ಎಂದು ಶುರುಮಾಡಿದರು.

"ನಾ ಆನಂದ ಮಾತಾಡಾಕತ್ತೀನಿ," ಎಂದ ಆ ಹುಡುಗ, ದನಿ ಬಂದ ಕಡೆ ಮುಖ ತಿರುಗಿಸಿ. "ಸರ, ಮೊದ್ಲು ಕುಂದರ್ರಿ. ಕವಡಿ ಹಾಕ್ರಿ. ನಿಮ್ಮ ಆಟ, ನೀವ ಆಡದ ಹೋದ್ರ ಹೆಂಗ?"

ಜಾಗ ಕವಡಿಯಿಂದಲೇ ನಿಶ್ಚಯವಾಗುತ್ತದೆ. ಅಣ್ಣಾರಿಗೆ ಮೊದಲ ತೂಬು ಬಂತು. ಆನಂದನಿಗೆ ಕೊನೆಯದು. ನಾನು ನಡುವೆ. ಗೌತಮಿ ಗ್ಯಾಂಗ್‌ಮನ್. ಅವಳು ಹಗ್ಗದ ಮೇಲೆ ಕೈಯಿಟ್ಟು ಹೇಳಿದಳು: "ನಾ ಗೌತಮಿ. ಈ ಸುತ್ತು ನೀರಿಂದು ಬ್ಯಾಡ. ಸರ್ ಒಂದು ಕಾಗದ ತಂದಾರ, ನಾವು ಈ ಆಟ ನಿಲ್ಲಿಸಬೇಕು ಅಂತ ಐತಿ. ಅದ್ರ ಮ್ಯಾಲೆ ಮಾತಾಡೂಣು. ಸಹಿ ಕೇಳಿದ್ರ ನಾ ಹಾಕ್ತೀನಿ, ಅವ್ರ ಉಪಕಾರ ನನ್ನ ಮ್ಯಾಲೈತಿ. ಆದ್ರ ಪಾಳಿ ಪ್ರಕಾರ ಎಲ್ಲಾರೂ ಹೇಳ್ಲಿ. ಕೆಳಗಿಂದ."

ಅಣ್ಣಾರು ಏನೋ ಹೇಳಲು ಹೋದರು. "ಮ್ಯಾಲಿನವ್ರು ಕೊನೀಗೆ ಸರ," ಎಂದಳು. ಬಾಯಿ ಮುಚ್ಚಿದರು. ಪ್ರೆಸ್ಸಿನಲ್ಲಿ ಯಾರಿಂದಲೂ ಆಗದ ಕೆಲಸ ಅದು.

ಆನಂದ ಕೊನೆಯ ಗಂಟನ್ನು ಹಿಡಿದುಕೊಂಡು ಹೇಳಿದ. "ನಾ ಆನಂದ. ಕಣ್ಣು ಹ್ವಾದಮ್ಯಾಲೆ ಎಲ್ಲಾರೂ ನನ್ನ ಬದಲಿ ಮಾತಾಡಾಕತ್ತಾರ. ದವಾಖಾನ್ಯಾಗ ಡಾಕ್ಟರು ನನ್ನ ಮುಂದ ಕುಂತು ಅಕ್ಕನ್ನ ಕೇಳ್ತಾರ, ಇವನಿಗೆ ನೋವು ಐತೇನು ಅಂತ. ಹೋಟೆಲ್ನ್ಯಾಗ ಅಕ್ಕನ್ನ ಕೇಳ್ತಾರ, ಇವ್ರಿಗೆ ಏನು ಕೊಡ್ಲಿ ಅಂತ. ಅಕ್ಕನೂ ಸೈತ ಒಮ್ಮೊಮ್ಮಿ ಉತ್ತರ ಕೊಡತಾಳ. ಈ ಮೇಜಿನ ಮ್ಯಾಲೆ ಮಾತ್ರ ಯಾರೂ ನನ್ನ ಬದಲಿ ಮಾತಾಡಂಗಿಲ್ಲ. ಕಾಯ್ದೆ ಹಂಗೈತಿ. ವಾರಕ್ಕೊಮ್ಮಿ ಬರತೈತಿ ಇದು. ನನಗ ಇದು ಬೇಕ್ರಿ. ಅಷ್ಟ."

ಗೌತಮಿ ತಲೆ ತಗ್ಗಿಸಿದಳು.

ಆನಂದನ ಪಕ್ಕದವರು ತಮ್ಮ ಹೆಸರು ಹೇಳಿ, ತಮಗೆ ಕಾಗದಪತ್ರ ತಿಳಿಯದು ಎಂದರು. ಅವರ ಮೇಲಿನ ತೂಬಿನವರು, ಈ ಹಗ್ಗದಾಟವನ್ನು ಆಗಲೇ ಲಿಂಗಸುಗೂರಿನವರು ಒಯ್ದು ಗಣಿಯ ಆಟಕ್ಕೆ ಸೇರಿಸಿದ್ದಾರೆ, ಅವರಿಂದ ಇನ್ನಾರೋ ಒಯ್ದಿದ್ದಾರೆ ಎಂದರು. "ಯಾರ್ಯಾರ ಮನಿಗೆ ಹೋಗಿ ಸಹಿ ತಗೋತೀರ್ರಿ ಅಣ್ಣಾರ?"

ನನ್ನ ಪಾಳಿ. "ನಾ ಶಂಷಾದ್," ಎಂದೆ. "ಈ ವ್ಯಾಪಾರ ಆಗಲಿಲ್ಲಂದ್ರ ನನ್ನ ಪಗಾರಕ್ಕ ಕುತ್ತು, ಯಂಕೋಬನ ಪಗಾರಕ್ಕೂ ಕುತ್ತು. ನನಗ ಪಗಾರ ಬೇಕು. ಆದ್ರ ಅಣ್ಣಾರ, ಆ ವಾಕ್ಯ ನನ್ನ ಕೈಲೆ ಬದಲ ಮಾಡಸಬ್ಯಾಡ್ರಿ. ನನ್ನಿಂದ ಆಗಂಗಿಲ್ಲ."

ಎಲ್ಲರೂ ಅಣ್ಣಾರ ಕಡೆ ತಿರುಗಿದರು. ಕಣ್ಣು ಕಾಣದವರೂ ತಿರುಗಿದರು. ಅವರು ಮೊದಲ ಗಂಟನ್ನು ಬೆರಳಲ್ಲಿ ತಿರುವಿದರು.

"ನಾ ಶರಣಪ್ಪ," ಎಂದರು. "ನಮ್ಮಪ್ಪಂದು ಕೊನೀ ತೂಬು. ನೀರು ಬರದಿದ್ರ ಮೊದ್ಲು ಅವನ ಮಾತಾಡ್ತಿದ್ದ. ನಾ ಅವನ ಬಾಜೂ ಕುಂತು ಕೇಳ್ತಿದ್ದೆ. ನನಗ ಹೇಳಾಕ ಏನೂ ಉಳದಿಲ್ಲ. ನೀರು ಬಿಡವ್ವಾ ಗೌತಮಿ, ಆಟ ನಡೀಲಿ."

ಆಟ ಸಂಜೆಯವರೆಗೆ ನಡೆಯಿತು. ಅಣ್ಣಾರು ಸೋತರು. ವಾಪಸು ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ನನಗೆ ಚಹಾ ಕೊಡಿಸಿದರು. ಕಾಗದ ಏನು ಮಾಡಲಿ ಎಂದೆ. "ಹಿಂದ ಖಾಲಿ ಐತಲ್ಲ, ಪ್ರೂಫ್ ತಗಿ" ಎಂದರು.

ವ್ಯಾಪಾರ ಕೆಟ್ಟಿತು. ಅದರ ಪೆಟ್ಟು ಬಿದ್ದೇ ಬಿತ್ತು, ಸಿಹಿ ಮಾಡಿ ಹೇಳುವುದಿಲ್ಲ. ಒಂದು ಮಷಿನ್ನು ಮಾರಿದರು. ಯಂಕೋಬ ಕೆಲವು ದಿನ ಅಕ್ಕಿ ಗಿರಣಿಯಲ್ಲಿ ಚೀಲ ಹೊಲಿದ, ನನ್ನ ಜೊತೆ ಬಹಳ ದಿನ ಸರಿಯಾಗಿ ಮಾತಾಡಲಿಲ್ಲ. ಅವನ ಸಿಟ್ಟು ತಪ್ಪೆಂದು ನಾನು ಹೇಳಲಾರೆ. ಆಮೇಲೆ ನಿಧಾನಕ್ಕೆ ಇನ್ನೊಂದು ದಾರಿ ಕಂಡಿತು. ಪುಕ್ಕಟೆ ಫೈಲು ಇದ್ದೂ ಜನ ಪುಸ್ತಕ ಕೊಳ್ಳುತ್ತಿದ್ದರು, ಝೆರಾಕ್ಸು ಹರಿದುಹೋಗುತ್ತದೆಂದು. ಮಸ್ಕಿಯ ಆಟಕ್ಕೆ ಗಂಟು ಹಾಕಿದ ಹಗ್ಗ, ಕವಡಿಯ ಚೀಲ, ದಪ್ಪ ಅಕ್ಷರದ ಪುಸ್ತಕ ಸೇರಿಸಿ ಒಂದು ಪೆಟ್ಟಿಗೆ ಮಾಡಿದೆವು, ಮೇಲೆ ಅಕ್ಕ ತಮ್ಮನ ಹೆಸರು. ಅದನ್ನು ಕೇಳಿ ಬೇರೆ ಊರುಗಳಿಂದ ಫೋನು ಬಂದವು. ಯಂಕೋಬ ಗಂಟು ಹಾಕಲು ವಾಪಸಾದ. ಮಾತನ್ನು ಬಿಟ್ಟುಕೊಡಬಹುದು, ಕೈಯಿಂದ ಮಾಡಿದ್ದನ್ನು ಮಾರಬಹುದು ಎಂಬುದು ನಮ್ಮ ಪ್ರೆಸ್ಸಿಗೆ ತಿಳಿದದ್ದು ಹೀಗೆ. ಕೆಲವು ವರ್ಷಗಳ ಮೇಲೆ, ಹೊರದೇಶದ ದೊಡ್ಡ ಕಂಪನಿಯೊಂದು ತಾನು ಹಿಂದೆ ಬಿಟ್ಟ ನಿಯಮಗಳಿಗೆ ಹೊಸ ಕರಾರು ಹಾಕಲು ಹೋಗಿ, ಆಟಗಾರರೆಲ್ಲ ತಿರುಗಿಬಿದ್ದ ಮೇಲೆ ಹಿಂದೆ ಸರಿಯಿತು ಎಂಬ ಸುದ್ದಿ ಬಂತು. ಅಣ್ಣಾರು ಅದನ್ನು ಯಂಕೋಬನಿಗೆ ಗಟ್ಟಿಯಾಗಿ ಓದಿ ಹೇಳಿದರು. "ಅವ್ರೂ ಮಸ್ಕಿಗೆ ಹೋಗಿ ಬರಬೇಕಿತ್ತು" ಎಂದ ಯಂಕೋಬ.

ನಾನು ಕೆಲಸದಿಂದ ನಿವೃತ್ತಳಾದ ದಿನ ಬೈಂಡಿಂಗ್ ಮೇಜನ್ನೇ ಒರೆಸಿ ಎಲ್ಲರನ್ನೂ ಕೂರಿಸಿದ್ದರು. ಮಸ್ಕಿಯಿಂದ ಗೌತಮಿ, ಆನಂದ ಬಂದಿದ್ದರು. ಶಾಲು, ಹಣ್ಣು ಇದ್ದವು. ಮಾಲೀಕರು ಎದ್ದು ನನ್ನನ್ನು ಹೊಗಳುತ್ತಾರೆ, ನಾನು ಕಣ್ಣೊರೆಸಿಕೊಳ್ಳುತ್ತೇನೆ, ಸಮೋಸ ತಿಂದು ಎಲ್ಲರೂ ಮನೆಗೆ ಹೋಗುತ್ತಾರೆ ಎಂದುಕೊಂಡಿದ್ದೆ. ಅಣ್ಣಾರು ಏಳಲಿಲ್ಲ. ಮೇಜಿನ ತುದಿಯಲ್ಲಿ ಕೂತೇ ಹೇಳಿದರು: "ಕೆಳಗಿಂದ."

ಕೊನೆಯ ತೂಬು ಯಾರದೆಂದು ಸುತ್ತ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೊರಗೆ ಹೋಗುವವಳು ನಾನೇ.

ಜೀವಮಾನವೆಲ್ಲ ಇನ್ನೊಬ್ಬರ ಮಾತು ತಿದ್ದಿದವಳು ನಾನು. ನನ್ನದೊಂದು ಮಾತೂ ಬಾಯಿಗೆ ಬರಲಿಲ್ಲ. ಗೌತಮಿ ಏನೋ ಹೇಳಲು ಬಾಯಿ ತೆರೆದವಳು ತಾನೇ ಮುಚ್ಚಿಕೊಂಡಳು.

"ಆಪಾ, ಹೆಸ್ರು ಹೇಳಿ ಶುರು ಮಾಡ್ರಿ," ಎಂದ ಆನಂದ. "ಎಲ್ಲಿ ಕುಂತೀರಿ ಗೊತ್ತಾಗವಲ್ದು."

"ನಾ ಶಂಷಾದ್," ಎಂದೆ. ಮುಂದಿನ ಮಾತು ಹುಡುಕತೊಡಗಿದೆ. ಯಾರೂ ನನ್ನ ಬದಲಿ ಮಾತಾಡಲಿಲ್ಲ. ಸಮೋಸ ಆರುತ್ತಿತ್ತು, ಎಲ್ಲರೂ ಕಾಯುತ್ತ ಕೂತಿದ್ದರು.